ಮಣಿಕಟ್ಟಿನ ಕೃತಕ ಕೀಲು: ಅದರ ಚಲನೆ ಮತ್ತು ಹೊರೆ

ಕೃತಕ ಕೀಲುಗಳ ವಿಷಯ ಬಂದಾಗ ಸಾಮಾನ್ಯವಾಗಿ ಎಲ್ಲರ ಲಕ್ಷ್ಯವೂ ಸೊಂಟದ ಕಡೆಗೆ ಇಲ್ಲವೆ ಮೊಣಕಾಲಿನ ಕಡೆಗೆ ಹರಿಯುತ್ತದೆ. ಇದು ಸಹಜವೇ ಆಗಿದೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು 1962ರಲ್ಲಿ ಲೋಹದ ಗುಂಡನ್ನೂ ಪಾಲಿಎಥಿಲೀನಿನ ಬಟ್ಟಲನ್ನೂ ಕೂಡಿಸಿ ಸೊಂಟದ ಕೀಲನ್ನು ರಚಿಸಿದ ಮೇಲೆ ಲಕ್ಷಾಂತರ ಜನರು ಆ ಶಸ್ತ್ರಕ್ರಿಯೆಯಿಂದ ಮತ್ತೆ ನಡೆಯುವಂತಾದರು. ಮೊಣಕಾಲಿನ ಸಂಗತಿಯೂ ಅಂತಹುದೇ. ಆದರೆ ಅದೇ ಲೋಹ, ಅದೇ ಪ್ಲಾಸ್ಟಿಕ್, ಅಷ್ಟೇ ಕುಶಲರಾದ ಶಸ್ತ್ರವೈದ್ಯರು ಇದ್ದಾಗ್ಯೂ ಮಣಿಕಟ್ಟಿನ ಕೃತಕ ಕೀಲು ಆ ಮಟ್ಟದ ಯಶಸ್ಸನ್ನು ಇಂದಿಗೂ ಗಳಿಸಿಲ್ಲ. ಮಣಿಕಟ್ಟು ದೇಹದ ಭಾರವನ್ನು ಹೊರುವ ಕೀಲಲ್ಲ, ಗಾತ್ರದಲ್ಲಿಯೂ ಚಿಕ್ಕದು. ಮೇಲ್ನೋಟಕ್ಕೆ ಅದನ್ನು ಬದಲಿಸುವುದು ಇನ್ನೂ ಸುಲಭವಾಗಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣಗಳು ಆ ಕೀಲಿನ ರಚನೆಯಲ್ಲಿಯೇ ಅಡಗಿವೆ.

ಓದುಗರು ತಮ್ಮ ಬಲಗೈಯ ಮುಂದೋಳನ್ನು ಮೇಜಿನ ಮೇಲೆ ಊರಿ, ಅಂಗೈಯನ್ನು ಸ್ವಲ್ಪ ಮೇಲಕ್ಕೆತ್ತಿ ಮಣಿಕಟ್ಟನ್ನು ನಿಧಾನವಾಗಿ ಎಲ್ಲ ದಿಕ್ಕುಗಳಿಗೂ ಆಡಿಸಿ ನೋಡಬಹುದು. ಅಂಗೈಯ ಕಡೆಗೆ ಅದು ಸುಮಾರು 80 ಡಿಗ್ರಿಯಷ್ಟು ಬಾಗುತ್ತದೆ. ಹಿಂಗೈಯ ಕಡೆಗೆ ಸುಮಾರು 70 ಡಿಗ್ರಿ. ಹೆಬ್ಬೆರಳ ಕಡೆಗೆ ವಾಲುವುದು 20 ಡಿಗ್ರಿಯಷ್ಟು ಮಾತ್ರ, ಕಿರುಬೆರಳ ಕಡೆಗೆ ಅದಕ್ಕಿಂತ ಕೊಂಚ ಹೆಚ್ಚು, 30 ಡಿಗ್ರಿಯವರೆಗೆ. ಈ ಎಲ್ಲವನ್ನೂ ಒಂದರೊಡನೊಂದು ಬೆರೆಸಿ ಕೈಯನ್ನು ವೃತ್ತಾಕಾರವಾಗಿ ಸುತ್ತಿಸಲೂಬಹುದು. ಅಂಗೈಯನ್ನು ಮೇಲ್ಮುಖವಾಗಿಯೂ ಕೆಳಮುಖವಾಗಿಯೂ ತಿರುಗಿಸುವ ಚಲನೆ ಮಾತ್ರ ಮಣಿಕಟ್ಟಿನದಲ್ಲ. ಅದು ಮುಂದೋಳಿನ ಎರಡು ಮೂಳೆಗಳಾದ ರೇಡಿಯಸ್ ಮತ್ತು ಅಲ್ನಾಗಳು ಒಂದರ ಸುತ್ತ ಒಂದು ಹೊರಳುವುದರಿಂದ ಆಗತಕ್ಕದ್ದು. ಬೀಗದ ಕೈ ತಿರುಗಿಸುವುದನ್ನು ಮಣಿಕಟ್ಟಿನ ಕೆಲಸವೆಂದು ಭಾವಿಸುವ ವಾಡಿಕೆ ಸರಿಯಲ್ಲ.

ಇಷ್ಟು ಚಲನೆಗೆ ಅವಕಾಶ ಮಾಡಿಕೊಡುವ ಕೀಲು ಒಂದೇ ಕೀಲಲ್ಲ. ಇಲ್ಲಿ ಎಂಟು ಪುಟ್ಟ ಮೂಳೆಗಳು ಎರಡು ಸಾಲುಗಳಲ್ಲಿ ಜೋಡಣೆಗೊಂಡಿವೆ. ಮುಂದೋಳಿಗೆ ಹತ್ತಿರವಾದ ಸಾಲಿನಲ್ಲಿ ಸ್ಕೇಫಾಯ್ಡ್, ಲೂನೇಟ್, ಟ್ರೈಕ್ವೆಟ್ರಮ್ ಮತ್ತು ಬಟಾಣಿಯಂತಹ ಪಿಸಿಫಾರ್ಮ್. ಬೆರಳುಗಳಿಗೆ ಹತ್ತಿರವಾದ ಸಾಲಿನಲ್ಲಿ ಟ್ರಪೀಸಿಯಮ್, ಟ್ರಪೀಸಾಯ್ಡ್, ಕ್ಯಾಪಿಟೇಟ್ ಮತ್ತು ಹ್ಯಾಮೇಟ್. ಎರಡನೆಯ ಸಾಲು ಅಂಗೈಯ ಮೂಳೆಗಳಿಗೆ ಬಿಗಿಯಾಗಿ ಅಂಟಿಕೊಂಡು ಹೆಚ್ಚುಕಡಿಮೆ ಒಂದೇ ತುಂಡಿನಂತೆ ಚಲಿಸುತ್ತದೆ. ಮೊದಲ ಸಾಲಿನ ಸ್ವಭಾವ ಬೇರೆ. ಪಿಸಿಫಾರ್ಮನ್ನು ಬಿಟ್ಟರೆ ಆ ಸಾಲಿನ ಯಾವ ಮೂಳೆಗೂ ಯಾವ ಸ್ನಾಯುವಿನ ಕಂಡರವೂ ಬಂದು ಸೇರುವುದಿಲ್ಲ. ಅಂದರೆ ಅವನ್ನು ನೇರವಾಗಿ ಎಳೆಯುವವರು ಯಾರೂ ಇಲ್ಲ. ಮುಂದಿನ ಸಾಲು ಒತ್ತಿದಂತೆ, ಅಸ್ಥಿರಜ್ಜುಗಳು ಜಗ್ಗಿದಂತೆ ಅವು ಹೊಂದಿಕೊಂಡು ಹೊರಳುತ್ತವೆ. ಕೈ ಹೆಬ್ಬೆರಳ ಕಡೆಗೆ ವಾಲಿದಾಗ ಸ್ಕೇಫಾಯ್ಡ್ ಅಂಗೈಯ ಕಡೆಗೆ ಮುಗ್ಗರಿಸಿ ಜಾಗ ಬಿಟ್ಟುಕೊಡುತ್ತದೆ. ಕಿರುಬೆರಳ ಕಡೆಗೆ ವಾಲಿದಾಗ ನೆಟ್ಟಗೆ ಎದ್ದು ನಿಲ್ಲುತ್ತದೆ. ಪಕ್ಕಕ್ಕೆ ವಾಲುವ ಒಂದು ಚಲನೆಯ ಒಳಗೆ ಹಿಂದಕ್ಕೂ ಮುಂದಕ್ಕೂ ಬಾಗುವ ಇನ್ನೊಂದು ಚಲನೆ ಹೀಗೆ ಗುಪ್ತವಾಗಿ ನಡೆದಿರುತ್ತದೆ. ಯಂತ್ರಶಾಸ್ತ್ರದ ಯಾವ ತಿರುಗಣಿಯಲ್ಲಿಯೂ ಇಂತಹ ಏರ್ಪಾಡು ಸುಲಭವಾಗಿ ಸಿಕ್ಕದು.

ಹೀಗಿದ್ದರೂ ಒಟ್ಟು ಚಲನೆಯನ್ನು ಹೊರಗಿನಿಂದ ಅಳೆದಾಗ ಒಂದು ಸರಳತೆ ತೋರಿಬರುತ್ತದೆ. ಯೂಮ್ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಯು ಹಿಂದೆ ಮುಂದೆ ಬಾಗುವಾಗಲೂ ಪಕ್ಕಗಳಿಗೆ ವಾಲುವಾಗಲೂ ಅದರ ಭ್ರಮಣ ಕೇಂದ್ರವು ಕ್ಯಾಪಿಟೇಟ್ ಮೂಳೆಯ ತಲೆಯಲ್ಲಿಯೇ ಇರುತ್ತದೆಂದು ತೋರಿಸಿಕೊಟ್ಟರು. ಅದು ಪೂರ್ತಿಯಾಗಿ ಸ್ಥಿರವಲ್ಲ, ಕೊಂಚ ಅತ್ತಿತ್ತ ಸರಿಯುತ್ತದೆ ಎಂದು ಅನಂತರದ ಸೂಕ್ಷ್ಮತರ ಅಳತೆಗಳಿಂದ ತಿಳಿದುಬಂದಿದೆ. ಆದರೂ ಕೃತಕ ಕೀಲನ್ನು ರೂಪಿಸುವವರಿಗೆ ಇದೊಂದು ದೊಡ್ಡ ಆಧಾರವಾಯಿತು. ಕೃತಕ ಕೀಲಿನ ಕೇಂದ್ರವು ಈ ಸ್ಥಳದಲ್ಲಿ ಬಂದು ಕೂತರೆ ಸುತ್ತಲಿನ ಕಂಡರಗಳು ತಮ್ಮ ಹಳೆಯ ಸಮತೋಲವನ್ನು ಕಾಯ್ದುಕೊಳ್ಳುತ್ತವೆ, ತಪ್ಪಿದರೆ ಇಲ್ಲ.

ಏಕೆಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದ ಸನ್ನೆಗೋಲಿನ ಪಾಠದಿಂದಲೇ ಅರಿಯಬಹುದು. ಅಂಗೈ ಕೆಳಮುಖವಾಗಿ, ಕೈ ನೆಲಕ್ಕೆ ಸಮಾನಾಂತರವಾಗಿ ಇದೆಯೆಂದು ಊಹಿಸೋಣ. ಕೇಂದ್ರದಿಂದ 7.5 ಸೆಂಟಿಮೀಟರು ದೂರದಲ್ಲಿ, ಹಿಡಿಯಲ್ಲಿ, 1 ಕಿಲೋಗ್ರಾಮಿನ ಒಂದು ಪಾತ್ರೆ ಇದೆ. ಕೈಯನ್ನು ಮೇಲೆತ್ತಿ ಹಿಡಿಯುವ ಹಿಂಗೈಯ ಕಂಡರಗಳು ಕೇಂದ್ರದಿಂದ ಕೇವಲ 1.5 ಸೆಂಟಿಮೀಟರು ದೂರದಲ್ಲಿವೆ ಎಂದಿಟ್ಟುಕೊಂಡರೆ, ಅವು 5 ಕಿಲೋಗ್ರಾಮಿನಷ್ಟು ಬಲದಿಂದ ಜಗ್ಗಬೇಕಾಗುತ್ತದೆ. ಆ ಜಗ್ಗಾಟವೆಲ್ಲವೂ ಕೀಲನ್ನು ಒತ್ತುವ ಹೊರೆಯಾಗಿ ಪರಿಣಮಿಸುತ್ತದೆ. ಕೈಯ ಸ್ವಂತ ತೂಕವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಪಾತ್ರೆಯನ್ನು ಹಿಡಿದಿರಲು ಬೆರಳುಗಳ ಕಂಡರಗಳು ಹಾಕುವ ಬಲವನ್ನೂ ಹಿಡಿದಿಲ್ಲ. ಈಗ ಕೃತಕ ಕೀಲಿನ ಕೇಂದ್ರವು ಹಿಂಗೈಯ ಕಡೆಗೆ ಬರಿಯ ಅರ್ಧ ಸೆಂಟಿಮೀಟರು ಸರಿದು ಕೂತಿದೆ ಎನ್ನೋಣ. ಕಂಡರಗಳ ದೂರ 1 ಸೆಂಟಿಮೀಟರಿಗೆ ಇಳಿಯಿತು. ಅದೇ ಪಾತ್ರೆಗೆ ಅವು 7.5 ಕಿಲೋಗ್ರಾಮಿನ ಬಲ ಹಾಕಬೇಕಾಯಿತು. ಅರ್ಧ ಸೆಂಟಿಮೀಟರಿನ ಅಂತರಕ್ಕೆ ಒಂದೂವರೆ ಪಟ್ಟು ಹೊರೆ! ಸೊಂಟದಲ್ಲಿ ಇಂತಹ ಅಂತರ ಅಷ್ಟಾಗಿ ಬಾಧಿಸದು. ಅಲ್ಲಿ ಸನ್ನೆಗಳು ಉದ್ದವಾಗಿವೆ. ಮಣಿಕಟ್ಟು ಚಿಕ್ಕದಾದುದರಿಂದಲೇ ಅಲ್ಲಿ ಕ್ಷಮೆ ಕಡಮೆ.

ಇನ್ನು ಕೀಲು ಕೆಡುವ ಬಗೆ. ಮಣಿಕಟ್ಟನ್ನು ಬದಲಿಸಬೇಕಾದ ಪ್ರಸಂಗಗಳು ಬಹುಕಾಲ ರುಮಟಾಯ್ಡ್ ಸಂಧಿವಾತದಿಂದಲೇ ಒದಗುತ್ತಿದ್ದವು. ಈ ರೋಗದಲ್ಲಿ ಕೀಲಿನ ಒಳಪೊರೆ ಊದಿಕೊಂಡು ಮೃದ್ವಸ್ಥಿಯನ್ನೂ ಅಸ್ಥಿರಜ್ಜುಗಳನ್ನೂ ಕ್ರಮೇಣ ತಿಂದುಹಾಕುತ್ತದೆ. ಹಿಡಿದಿಡುವ ಕಟ್ಟು ಸಡಿಲವಾದೊಡನೆ ಎಂಟು ಮೂಳೆಗಳ ಗುಂಪು ಇಡಿಯಾಗಿ ಅಂಗೈಯ ಕಡೆಗೂ ಕಿರುಬೆರಳ ಕಡೆಗೂ ಜಾರುತ್ತದೆ. ಮೂಳೆಗಳು ಕುಸಿದು ಮಣಿಕಟ್ಟಿನ ಎತ್ತರ ತಗ್ಗುತ್ತದೆ. ಆರೋಗ್ಯವಂತರಲ್ಲಿ ಈ ಎತ್ತರವು ಅಂಗೈಯ ಮೂರನೆಯ ಮೂಳೆಯ ಉದ್ದದ 0.54 ಭಾಗದಷ್ಟಿರುತ್ತದೆ. ಅದು ತಗ್ಗಿದಾಗ ಮೇಲೆ ಹಾಯ್ದುಹೋಗುವ ಕಂಡರಗಳು ಸಡಿಲ ಬಿದ್ದ ಹಗ್ಗದಂತಾಗುತ್ತವೆ. ರೋಗಿಯ ಹಿಡಿತ ಕುಂದುವುದಕ್ಕೆ ನೋವೊಂದೇ ಕಾರಣವಲ್ಲ. ಈ ಸಡಿಲವೂ ಕಾರಣ. ಆದುದರಿಂದ ಕೃತಕ ಕೀಲು ಸವೆದ ಮೇಲ್ಮೈಗಳ ಜಾಗದಲ್ಲಿ ನಯವಾದ ಮೇಲ್ಮೈಗಳನ್ನು ಇರಿಸಿದರೆ ಸಾಲದು. ಕಳೆದುಹೋದ ಎತ್ತರವನ್ನು ತಂದುಕೊಡಬೇಕು, ಜಾರಿದ ಕೈಯನ್ನು ನಡುವಿಗೆ ತರಬೇಕು.

ಈ ದಿಕ್ಕಿನಲ್ಲಿ ಮೊದಲ ಪ್ರಯತ್ನ ಬಹಳ ಹಿಂದಿನದು. ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯರು 1890ರ ಸುಮಾರಿಗೆ ಆನೆಯ ದಂತದಿಂದ ಮಾಡಿದ ಕೀಲುಗಳನ್ನು ಮನುಷ್ಯರ ದೇಹದಲ್ಲಿ ಇರಿಸಿದರು. ಮಣಿಕಟ್ಟೂ ಅವುಗಳಲ್ಲಿ ಒಂದು. ಅವರು ಆರಿಸಿಕೊಂಡ ಕೀಲುಗಳು ಕ್ಷಯರೋಗದಿಂದ ಕೆಟ್ಟವು. ಸೋಂಕು ಉಳಿದೇ ಇದ್ದುದರಿಂದ ಆ ಸಾಹಸ ಮುಂದುವರಿಯಲಿಲ್ಲ. ಮತ್ತೆ ಮುಕ್ಕಾಲು ಶತಮಾನ ಕಳೆದು, 1967ರಲ್ಲಿ, ಅಮೆರಿಕದ ಮಿಷಿಗನ್ ಸಂಸ್ಥಾನದ ಆಲ್ಫ್ರೆಡ್ ಸ್ವಾನ್ಸನ್ನರು ಸಿಲಿಕೋನಿನ ಕೀಲನ್ನು ಬಳಕೆಗೆ ತಂದರು. ಅದು ನಿಜವಾದ ಅರ್ಥದಲ್ಲಿ ಕೀಲೇ ಅಲ್ಲ. ಎರಡು ಕಡೆ ಬಾಲಗಳಿರುವ, ನಡುವೆ ಬಾಗಬಲ್ಲ ಒಂದು ತುಂಡು ಅಷ್ಟೆ. ಅದರ ಸುತ್ತ ದೇಹವು ತಾನೇ ಒಂದು ಗಟ್ಟಿ ಪೊರೆಯನ್ನು ಕಟ್ಟಿಕೊಂಡು ಅದನ್ನು ಹಿಡಿದಿಡಬೇಕು. ನೋವು ಶಮನವಾಯಿತು, ಚಲನೆ ಮಿತವಾಗಿ ಉಳಿಯಿತು. ಆದರೆ ಬಾಗುವ ಜಾಗದಲ್ಲಿಯೇ ಪದೇ ಪದೇ ಬಾಗಿದ ಸಿಲಿಕೋನು ಕೆಲವು ವರ್ಷಗಳಲ್ಲಿ ಮುರಿಯತೊಡಗಿತು. ಅದರ ಸವೆದ ಕಣಗಳು ಸುತ್ತಲಿನ ಮೂಳೆಯಲ್ಲಿ ಉರಿಯೂತವನ್ನುಂಟುಮಾಡಿದವು.

1970ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂಲಿಯವರೂ ಅಮೆರಿಕದ ವೋಲ್ಜ್ ಅವರೂ ಲೋಹ ಮತ್ತು ಪಾಲಿಎಥಿಲೀನಿನ ಕೀಲುಗಳನ್ನು ಬೇರೆಬೇರೆಯಾಗಿ ರೂಪಿಸಿದರು. ಮ್ಯೂಲಿಯವರದು ಗುಂಡು ಮತ್ತು ಬಟ್ಟಲಿನ ಮಾದರಿ. ಭ್ರಮಣ ಕೇಂದ್ರದ ಪ್ರಶ್ನೆ ತೀವ್ರವಾಗಿ ಎದುರಾದದ್ದು ಇಲ್ಲಿಯೇ. ಈ ಮೊದಲ ಮಾದರಿಗಳನ್ನು ಅಂಗೈಯ ಮೂಳೆಗಳಲ್ಲಿ ನೆಟ್ಟಾಗ ಅವುಗಳ ಕೇಂದ್ರ ಸಹಜ ಸ್ಥಾನಕ್ಕಿಂತ ಹೆಬ್ಬೆರಳ ಕಡೆಗೆ ಸರಿದು ಕೂಡುತ್ತಿತ್ತು. ಆಗ ಕಿರುಬೆರಳ ಕಡೆಯ ಕಂಡರಗಳಿಗೆ ಸನ್ನೆಯ ತೋಳು ಉದ್ದವಾಯಿತು, ಹೆಬ್ಬೆರಳ ಕಡೆಯವಕ್ಕೆ ಗಿಡ್ಡವಾಯಿತು. ಶಸ್ತ್ರಕ್ರಿಯೆಯ ಮೇಜಿನ ಮೇಲೆ ನೆಟ್ಟಗಿದ್ದ ಕೈ ತಿಂಗಳುಗಳು ಕಳೆದಂತೆ ಕಿರುಬೆರಳ ಕಡೆಗೆ ವಾಲುತ್ತ ಹೋಯಿತು. ರೋಗಿಯ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಮುಂದೆ ಎರಡೂ ಮಾದರಿಗಳಲ್ಲಿ ಕಾಂಡವನ್ನು ಓರೆಯಾಗಿಸಿ ಇಲ್ಲವೆ ಅದರ ಸ್ಥಾನವನ್ನು ಬದಲಿಸಿ ಕೇಂದ್ರವನ್ನು ಸರಿಪಡಿಸುವ ಯತ್ನ ನಡೆಯಿತು.

ಕೇಂದ್ರದ ಜೊತೆಗೆ ಇನ್ನೊಂದು ತೊಡಕು, ಕೀಲಿಗೆ ಎಷ್ಟು ಸ್ವಾತಂತ್ರ್ಯ ಕೊಡಬೇಕೆಂಬುದು. ಗುಂಡು ಮತ್ತು ಬಟ್ಟಲಿನ ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ, ತನ್ನ ಉದ್ದದ ಅಕ್ಷದ ಸುತ್ತಲೂ ತಿರುಗುತ್ತದೆ. ಸಹಜ ಮಣಿಕಟ್ಟು ಆ ಕೊನೆಯ ಚಲನೆಯನ್ನು ಅತ್ಯಲ್ಪವಾಗಿ ಮಾತ್ರ ಬಿಟ್ಟುಕೊಡುತ್ತದೆ. ರೋಗದಿಂದ ಸಡಿಲಗೊಂಡ ಅಸ್ಥಿರಜ್ಜುಗಳಿಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಇದಕ್ಕೆ ವಿರುದ್ಧವಾಗಿ ಕೀಲನ್ನು ಬಿಗಿಮಾಡಿದರೆ, ತಿರುಚುವ ಬಲವೆಲ್ಲವೂ ಲೋಹ ಮತ್ತು ಮೂಳೆ ಕೂಡುವ ಗಡಿಗೆ ತಲಪಿ ಅಲ್ಲಿಯ ಹಿಡಿತವನ್ನು ಅಲುಗಿಸುತ್ತದೆ. ಈ ಇಬ್ಬಗೆಗೆ ಕಂಡುಕೊಂಡ ನಡುದಾರಿಯೆಂದರೆ ಮೊಟ್ಟೆಯ ಆಕಾರದ, ಅಂದರೆ ದೀರ್ಘವೃತ್ತೀಯ ಮೇಲ್ಮೈ. ಅದು ಎರಡು ಅಕ್ಷಗಳಲ್ಲಿ ಆಡುತ್ತದೆ, ಮೂರನೆಯದರಲ್ಲಿ ತಿರುಚಿಕೊಳ್ಳುವುದನ್ನು ತನ್ನ ಆಕಾರದಿಂದಲೇ ತಡೆಯುತ್ತದೆ. ಮೇಯೋ ಕ್ಲಿನಿಕ್ಕಿನಲ್ಲಿ ರೂಪುಗೊಂಡ ಬೈಆಕ್ಸಿಯಲ್ ಎಂಬ ಕೀಲು ಈ ಬಗೆಯದು. ಮುಂದೆ ಮೆನನ್ ಅವರು ರೂಪಿಸಿದ ಯೂನಿವರ್ಸಲ್ ಕೀಲಿನ ಮೇಲ್ಮೈ ಬಳೆಯ ತುಂಡಿನಂತಹ ಬಾಗನ್ನು ಹೊಂದಿತ್ತು. ಅದು ಕೆಲವರಲ್ಲಿ ತಪ್ಪಿಹೋಗುವುದು ಕಂಡುಬಂದಾಗ, ಯೂನಿವರ್ಸಲ್ 2 ಎಂಬ ಅದರ ಉತ್ತರಾಧಿಕಾರಿಗೆ ಮತ್ತೆ ಮೊಟ್ಟೆಯ ಆಕಾರವನ್ನೇ ಕೊಡಲಾಯಿತು. ಗುಂಡು ಮತ್ತು ಬಟ್ಟಲಿನ ಮಾದರಿಯೂ ಅಳಿದುಹೋಗಿಲ್ಲ. ನಾರ್ವೆಯಲ್ಲಿ ಬೆಳೆದುಬಂದ ಮೋಟೆಕ್ ಕೀಲು ಅದೇ ತತ್ತ್ವದ ಮೇಲೆ, ಮೂಳೆಯೊಳಗೆ ತಿರುಪಿನಂತೆ ಇಳಿಯುವ ಕಾಂಡಗಳೊಡನೆ ಕೆಲಸಮಾಡುತ್ತದೆ.

ಕೃತಕ ಮಣಿಕಟ್ಟು ಸೋಲುವುದು ಬಹುಮಟ್ಟಿಗೆ ಅದರ ಬೆರಳುಗಳ ಕಡೆಯ ಭಾಗದಲ್ಲಿ. ರೇಡಿಯಸ್ ಅಗಲವಾದ, ಗಟ್ಟಿಯಾದ ಮೂಳೆ. ಅದರಲ್ಲಿ ನೆಟ್ಟ ಭಾಗ ಸಾಮಾನ್ಯವಾಗಿ ನಿಲ್ಲುತ್ತದೆ. ಎದುರಿನ ಭಾಗವನ್ನು ಹಿಡಿದಿಡಲು ಇರುವುದು ಚೂರುಪಾರು ಮೂಳೆಗಳು, ಅದರಲ್ಲಿಯೂ ರೋಗದಿಂದ ಮೆತ್ತಗಾದವು. ಹಿಂದಿನ ಮಾದರಿಗಳಲ್ಲಿ ಅಂಗೈಯ ಮೂರನೆಯ ಮೂಳೆಯೊಳಗೆ ಉದ್ದನೆಯ ಕಾಂಡವನ್ನು ಇಳಿಸುತ್ತಿದ್ದರು. ಕೈ ಬಾಗಿದಾಗಲೆಲ್ಲ ಆ ಕಾಂಡ ನೆಲದಲ್ಲಿ ಹೂತ ಗೂಟವನ್ನು ಅತ್ತಿತ್ತ ಅಲ್ಲಾಡಿಸಿದಂತೆ ಮೂಳೆಯನ್ನು ಕೊರೆಯುತ್ತಿತ್ತು. ಇತ್ತೀಚಿನ ಮಾದರಿಗಳಲ್ಲಿ ಗಿಡ್ಡ ಕಾಂಡವನ್ನು ಕ್ಯಾಪಿಟೇಟಿನೊಳಗೆ ಇಳಿಸಿ, ಎರಡು ಪಕ್ಕಗಳಲ್ಲಿ ತಿರುಪುಗಳನ್ನು ಹಾಕುತ್ತಾರೆ. ಎರಡನೆಯ ಸಾಲಿನ ಮೂಳೆಗಳನ್ನು ಒಂದಕ್ಕೊಂದು ಬೆಸೆದು, ಹಲವು ಚೂರುಗಳ ಬದಲು ಒಂದೇ ಗಟ್ಟಿ ತಳಹದಿ ದೊರಕುವಂತೆ ಮಾಡುವುದೂ ಉಂಟು. ಲೋಹದ ಒಳಮೈಯನ್ನು ರಂಧ್ರಮಯವಾಗಿಸಿ ಮೂಳೆಯೇ ಅದರೊಳಗೆ ಬೆಳೆಯಲು ಅನುವು ಮಾಡಿದ್ದಾರೆ. ಕತ್ತರಿಸಿ ತೆಗೆಯುವ ಮೂಳೆಯ ಪ್ರಮಾಣವೂ ಕಡಮೆಯಾಗಿದೆ.

ಹೊರೆಯ ಹಂಚಿಕೆಯಲ್ಲಿಯೂ ಮಾರ್ಪಾಡಾಗುತ್ತದೆ. ಸಹಜ ಮಣಿಕಟ್ಟಿನಲ್ಲಿ ಕೈಯಿಂದ ಬರುವ ಹೊರೆಯ ಸುಮಾರು 80 ಭಾಗ ರೇಡಿಯಸ್ಸಿನ ಮೂಲಕವೂ ಸುಮಾರು 20 ಭಾಗ ಅಲ್ನಾದ ಮೂಲಕವೂ ಮುಂದೋಳಿಗೆ ಇಳಿಯುತ್ತದೆ ಎಂದು ಪಾಮರ್ ಮತ್ತು ವರ್ನರ್ ಅವರು 1984ರಲ್ಲಿ ತೋರಿಸಿದ್ದರು. ಕೃತಕ ಕೀಲಿನ ಮೇಲ್ಮೈ ಇರುವುದು ರೇಡಿಯಸ್ಸಿನ ತುದಿಯಲ್ಲಿ ಮಾತ್ರ. ಅಲ್ನಾದ ಪಾಲೂ ಆ ಕಡೆಗೇ ಬಂದು ಬೀಳುತ್ತದೆ.

ಇಷ್ಟೆಲ್ಲ ಆದ ಮೇಲೆ ರೋಗಿಗೆ ದೊರಕುವ ಚಲನೆ ಎಷ್ಟು? ಹಿಂದೆ ಮುಂದೆ ಸೇರಿ 150 ಡಿಗ್ರಿ ಇದ್ದ ಸಹಜ ವ್ಯಾಪ್ತಿಯಲ್ಲಿ ಸುಮಾರು 60ರಿಂದ 70 ಡಿಗ್ರಿ ದೊರಕಿದರೆ ಫಲಿತಾಂಶ ಚೆನ್ನಾಗಿದೆಯೆಂದೇ ಎಣಿಕೆ. ಅರ್ಧಕ್ಕಿಂತ ಕಡಮೆ ಎಂದು ಕೊರಗಬೇಕಾಗಿಲ್ಲ. ನಿತ್ಯದ ಕೆಲಸಗಳಿಗೆ ಪೂರ್ತಿ ವ್ಯಾಪ್ತಿ ಬೇಕಾಗುವುದಿಲ್ಲ. ಪಾಮರ್ ಮತ್ತು ಸಂಗಡಿಗರು 1985ರಲ್ಲಿ ಮಾಡಿದ ಅಳತೆಯ ಪ್ರಕಾರ ಅಂಗೈಯ ಕಡೆಗೆ 5 ಡಿಗ್ರಿ, ಹಿಂಗೈಯ ಕಡೆಗೆ 30, ಹೆಬ್ಬೆರಳ ಕಡೆಗೆ 10, ಕಿರುಬೆರಳ ಕಡೆಗೆ 15 ಡಿಗ್ರಿ ಇದ್ದರೆ ಬಹುಪಾಲು ಕೆಲಸಗಳು ಸಾಗುತ್ತವೆ. 1991ರಲ್ಲಿ ರ್ಯು ಮತ್ತು ಸಂಗಡಿಗರು ಇನ್ನೂ ಉದಾರವಾಗಿ ಎರಡೂ ಕಡೆಗೆ 40 ಡಿಗ್ರಿ ಬೇಕೆಂದರು. ಆದರೆ ಈ ಅಳತೆಗಳೆಲ್ಲ ಕುರ್ಚಿ ಮೇಜುಗಳ ನಡುವೆ ಬದುಕುವ ಜನರ ಕೆಲಸಗಳನ್ನು ಆಧರಿಸಿದವು ಎಂಬುದನ್ನು ಮರೆಯಲಾಗದು. ನೆಲದ ಮೇಲೆ ಪದ್ಮಾಸನ ಹಾಕಿ ಕೂತು ಉಂಡು, ಅಂಗೈಯನ್ನು ನೆಲಕ್ಕೂರಿ ಮೇಲೇಳುವ ಮನುಷ್ಯನಿಗೆ ಹಿಂಗೈಯ ಕಡೆಗೆ 70 ಡಿಗ್ರಿಯ ಆಸುಪಾಸಿನ ಬಾಗು ಬೇಕು, ಅದೂ ದೇಹದ ತೂಕವನ್ನು ಹೊತ್ತುಕೊಂಡೇ. ಒದ್ದೆ ಸೀರೆಯನ್ನು ಹಿಂಡುವುದು, ಜೋಳದ ರೊಟ್ಟಿಯನ್ನು ತಟ್ಟುವುದು ಇವೂ ಆ ಪಟ್ಟಿಗಳಲ್ಲಿ ಇಲ್ಲದ ಕೆಲಸಗಳು. ಒಂದರಲ್ಲಿ ತಿರುಚುಬಲ ಪ್ರಧಾನ, ಇನ್ನೊಂದರಲ್ಲಿ ಎಡೆಬಿಡದ ಹೊಡೆತ. ಉತ್ತರ ಕರ್ನಾಟಕದ ಗೃಹಿಣಿಯ ಮಣಿಕಟ್ಟಿಗೆ ಎಷ್ಟು ಡಿಗ್ರಿ ಸಾಕೆಂಬುದನ್ನು ಅವಳ ಅಡಿಗೆಮನೆಯಲ್ಲಿಯೇ ಅಳೆಯಬೇಕು.

ವ್ಯಾಪ್ತಿಗಿಂತ ಚಲನೆಯ ರೀತಿ ಹೆಚ್ಚು ಗಮನಾರ್ಹ. ಮೊಳೆ ಹೊಡೆಯುವವನ ಕೈಯನ್ನು ನೋಡಿದರೆ, ಅದು ಹಿಂಗೈಯ ಹಾಗೂ ಹೆಬ್ಬೆರಳ ಕಡೆಯಿಂದ ಹೊರಟು ಅಂಗೈಯ ಹಾಗೂ ಕಿರುಬೆರಳ ಕಡೆಗೆ ಓರೆಯಾಗಿ ಇಳಿಯುವುದು ಕಾಣುತ್ತದೆ. ಕಲ್ಲೆಸೆಯುವಾಗಲೂ ಇದೇ ದಾರಿ. ಪಾಶ್ಚಾತ್ಯರು ಇದಕ್ಕೆ ಬಾಣದ ಮುಳ್ಳನ್ನು ಎಸೆಯುವವನ ಚಲನೆಯೆಂದು ಹೆಸರಿಟ್ಟಿದ್ದಾರೆ. ಮನುಷ್ಯನ ಕೈಗೆ ಇದು ಅತ್ಯಂತ ಸಹಜವಾದ ಹಾದಿ. ಇದರಲ್ಲಿ ಸ್ಕೇಫಾಯ್ಡ್ ಮತ್ತು ಲೂನೇಟುಗಳು ಬಹುತೇಕ ನಿಶ್ಚಲವಾಗಿದ್ದು, ಕೆಲಸವೆಲ್ಲ ಎರಡು ಸಾಲುಗಳ ನಡುವಣ ಕೀಲಿನಲ್ಲಿ ಜರುಗುತ್ತದೆ. ಕೃತಕ ಕೀಲನ್ನು ಜೋಡಿಸುವಾಗ ಕಣ್ಮರೆಯಾಗುವುದು ಆ ನಡುವಣ ಕೀಲೇ. ಎರಡು ಸಾಲುಗಳ ಹಂಚಿಕೆಯ ಕೆಲಸವನ್ನು ಇನ್ನು ಮುಂದೆ ಒಂದೇ ಮೇಲ್ಮೈ ನಿರ್ವಹಿಸಬೇಕು.

ಅದು ಹೇಗೆ ನಿರ್ವಹಿಸುತ್ತದೆಂಬುದನ್ನು ಜೀವಂತ ಕೈಯಲ್ಲಿಯೇ ನೋಡುವ ಉಪಾಯ ಈಚೆಗೆ ಸಾಧ್ಯವಾಗಿದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ದಿಕ್ಕುಗಳಿಂದ ಏಕಕಾಲದಲ್ಲಿ ಎಕ್ಸ್-ರೇ ಚಲಚ್ಚಿತ್ರ ತೆಗೆದು, ಕೃತಕ ಕೀಲು ಉಳ್ಳವರ ಮಣಿಕಟ್ಟನ್ನು ಆರೋಗ್ಯವಂತರದರೊಡನೆ ಹೋಲಿಸಿದರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಚಲನೆಯ ದಿಕ್ಕು ಬದಲಾದಂತೆ ಭ್ರಮಣ ಕೇಂದ್ರವು ಮುಂದೋಳು ಮತ್ತು ಬೆರಳುಗಳ ನಡುವೆ ಹಿಂದೆ ಮುಂದೆ ಸರಿಯುವ ದೂರ ಕೃತಕ ಕೀಲಿನಲ್ಲಿ ಸಹಜ ಕೀಲಿನ ಎರಡು ಪಟ್ಟಿಗಿಂತ ಹೆಚ್ಚೆಂದು ಕಂಡುಬಂದಿತು. ಇದಕ್ಕೊಂದು ಕಾರಣವನ್ನು ರೇಖಾಗಣಿತದಿಂದಲೇ ಊಹಿಸಬಹುದು. ಮೊಟ್ಟೆಯಾಕಾರದ ಮೇಲ್ಮೈಗೆ ಎರಡು ತ್ರಿಜ್ಯಗಳಿವೆ. ಹಿಂದೆ ಮುಂದೆ ಬಾಗುವಾಗ ಚಿಕ್ಕ ತ್ರಿಜ್ಯ ಕೆಲಸಮಾಡುತ್ತದೆ, ಅದರ ಕೇಂದ್ರ ಮೇಲ್ಮೈಗೆ ಹತ್ತಿರ. ಪಕ್ಕಕ್ಕೆ ವಾಲುವಾಗ ದೊಡ್ಡ ತ್ರಿಜ್ಯ, ಅದರ ಕೇಂದ್ರ ಬೆರಳುಗಳ ಕಡೆಗೆ ದೂರ. ಓರೆ ಚಲನೆಯಲ್ಲಿ ಇವೆರಡೂ ಬೆರೆತು, ಎದುರುಬದುರಿನ ಮೇಲ್ಮೈಗಳು ಅಗಲವಾಗಿ ಒಂದನ್ನೊಂದು ಮುಟ್ಟದೆ ಅಂಚಿನ ಕಿರಿದಾದ ಜಾಗದಲ್ಲಿ ಒತ್ತಿಕೊಳ್ಳಲೂ ಎಡೆಯಾಗುತ್ತದೆ. ಪ್ಲಾಸ್ಟಿಕ್ ಸವೆಯುವುದು ಅಂತಹ ಜಾಗಗಳಲ್ಲಿ.

ಈ ಕಾರಣಗಳಿಂದ ಕೃತಕ ಮಣಿಕಟ್ಟು ಪಡೆದವರಿಗೆ ವೈದ್ಯರು ವಿಧಿಸುವ ನಿರ್ಬಂಧಗಳು ಕಟ್ಟುನಿಟ್ಟಾಗಿವೆ. ನಾಲ್ಕೈದು ಕಿಲೋಗ್ರಾಮಿಗಿಂತ ಹೆಚ್ಚಿನ ಭಾರವನ್ನು ಪದೇ ಪದೇ ಎತ್ತಕೂಡದು; ಸುತ್ತಿಗೆಯ ಕೆಲಸ ಕೂಡದು; ಅಂಗೈಯೂರಿ ದೇಹವನ್ನು ಎತ್ತಕೂಡದು. ಊರುಗೋಲಿನ ಮೇಲೆ ಭಾರ ಹಾಕಿ ನಡೆಯುವವರಿಗೆ ಈ ಶಸ್ತ್ರಕ್ರಿಯೆಯನ್ನು ಸಾಮಾನ್ಯವಾಗಿ ಸೂಚಿಸುವುದೇ ಇಲ್ಲ. ಹೊಲದಲ್ಲಿ ಗುದ್ದಲಿ ಹಿಡಿದು ಬದುಕಬೇಕಾದವನಿಗೆ ಹಳೆಯ ಉಪಾಯವೇ ಒಳ್ಳೆಯದು: ರೇಡಿಯಸ್ಸಿನಿಂದ ಅಂಗೈಯ ಮೂಳೆಯವರೆಗೆ ಒಂದು ಲೋಹದ ಪಟ್ಟಿಯನ್ನಿಟ್ಟು ಮಣಿಕಟ್ಟನ್ನು ಅಲುಗದಂತೆ ಬೆಸೆದುಬಿಡುವುದು. ಅದರಿಂದ ನೋವು ಖಚಿತವಾಗಿ ಹೋಗುತ್ತದೆ, ಹಿಡಿತ ಬಲವಾಗಿ ಉಳಿಯುತ್ತದೆ, ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವುದಕ್ಕೂ ಅಡ್ಡಿಯಿಲ್ಲ. ಹೋಗುವುದೆಂದರೆ ಕೊರಳಿನ ಗುಂಡಿ ಹಾಕಿಕೊಳ್ಳುವುದು, ಇಕ್ಕಟ್ಟಾದ ಪಾತ್ರೆಯೊಳಗೆ ಕೈ ಹಾಕುವುದು, ಶೌಚದ ಶುಚಿತ್ವ ಇಂತಹ ಸಣ್ಣ ಕೆಲಸಗಳ ಸೌಲಭ್ಯ. ಒಂದು ಕೈಯಲ್ಲಿ ಇವನ್ನು ಕಳೆದುಕೊಂಡವನಿಗೆ ಇನ್ನೊಂದು ಕೈ ನೆರವಾಗುತ್ತದೆ. ಎರಡು ಕೈಗಳೂ ಕೆಟ್ಟಿರುವ ಸಂಧಿವಾತದ ರೋಗಿಗೆ ಎರಡನ್ನೂ ಬೆಸೆದರೆ ಅವನು ಪರಾಧೀನನಾಗುವ ಭಯವುಂಟು. ಕೃತಕ ಕೀಲಿನ ನಿಜವಾದ ಬೆಲೆ ಇರುವುದು ಇಲ್ಲಿ. ಒಂದನ್ನು ಬಲಕ್ಕಾಗಿ ಬೆಸೆದು, ಇನ್ನೊಂದನ್ನು ಚಲನೆಗಾಗಿ ಬದಲಿಸುವ ಕ್ರಮ ಅನೇಕ ಕಡೆಗಳಲ್ಲಿ ರೂಢಿಯಲ್ಲಿದೆ. ಕೃತಕ ಕೀಲು ಸಡಿಲಗೊಂಡರೆ ಅದನ್ನು ತೆಗೆದು ಬೆಸೆಯಲು ಸಾಧ್ಯ. ಆದರೆ ಅಷ್ಟರಲ್ಲಿ ಮೂಳೆ ಕರಗಿರುವುದರಿಂದ ಸೊಂಟದ ಎಲುಬಿನಿಂದ ತುಂಡನ್ನು ತಂದು ತುಂಬಬೇಕಾಗುತ್ತದೆ.

ಮೆಥೊಟ್ರೆಕ್ಸೇಟ್ ಮತ್ತು ಅದರ ಅನಂತರ ಬಂದ ಜೈವಿಕ ಔಷಧಗಳಿಂದ ರುಮಟಾಯ್ಡ್ ಸಂಧಿವಾತ ಈಗ ಮೊದಲಿನಷ್ಟು ಕೀಲುಗಳನ್ನು ಹಾಳುಗೆಡಹುತ್ತಿಲ್ಲ. ಕೃತಕ ಮಣಿಕಟ್ಟನ್ನು ಬಯಸಿ ಬರುವವರಲ್ಲಿ ಹಳೆಯ ಮುರಿತದಿಂದ ಕೀಲು ಸವೆದವರ ಪ್ರಮಾಣ ಹೆಚ್ಚುತ್ತಿದೆ. ಇವರ ಮೂಳೆ ಗಟ್ಟಿ, ಕಂಡರಗಳು ಬಿಗಿ. ಕೀಲು ತಪ್ಪಿಹೋಗುವ ಅಪಾಯ ಇವರಲ್ಲಿ ಕಡಮೆ. ಆದರೆ ಇವರು ವಯಸ್ಸಿನಲ್ಲಿ ಕಿರಿಯರು, ದುಡಿಯುವವರು, ಇನ್ನುಳಿದ ಕೀಲುಗಳೆಲ್ಲ ನೆಟ್ಟಗಿರುವವರು. ಸಂಧಿವಾತದ ರೋಗಿ ತನ್ನ ಮೊಣಕೈ, ಭುಜಗಳ ನೋವಿನಿಂದಾಗಿಯೇ ಕೈಯನ್ನು ಮಿತವಾಗಿ ಬಳಸುತ್ತಿದ್ದನು; ಇವರಿಗೆ ಅಂತಹ ಕಡಿವಾಣವಿಲ್ಲ. ಅದೇ ಗಾತ್ರದ ಲೋಹದ ತುಂಡು ಇವರ ಕೈಯಲ್ಲಿ ಹಲವು ಪಟ್ಟು ಹೊರೆಯನ್ನು, ಇನ್ನೂ ಹಲವು ವರ್ಷ ಹೆಚ್ಚಾಗಿ, ತಾಳಿಕೊಳ್ಳಬೇಕಾಗಿದೆ.